ಸಡಿಲ ಬಿಟ್ಟ ತೂತುಗಳು

ಹೋದ ತಿಂಗಳು ಸೇಡಂ ಬಸ್ ನಿಲ್ದಾಣದಲ್ಲಿ ಹೊಸ ಚಪ್ಪರಕ್ಕೆ ಪಾರದರ್ಶಕ ಹಾಳೆ ಕೂರಿಸುತ್ತಿದ್ದರು. ಡ್ರಿಲ್ ಒಳಗಿಳಿದಾಗ ಅರೆಸುಟ್ಟ ಪ್ಲಾಸ್ಟಿಕ್ಕಿನ ಕಮಟು ವಾಸನೆ ಎದ್ದಿತು. ಅದು ನನ್ನ ಮೂಗಿಗೆ ಮೊದಲು ಬಡಿದದ್ದು ಎಂಬತ್ತರ ದಶಕದಲ್ಲಿ, ಶಹಾಬಾದಿನಲ್ಲಿ, ಪಕ್ಕದ ಮನೆಯ ಇಂಜಿನಿಯರ್ ಸಾಹೇಬರ ಅಂಗಳದಲ್ಲಿ...

ಆಗ ನಾನು ಗುಲ್ಬರ್ಗದ ದಿನಪತ್ರಿಕೆಯೊಂದಕ್ಕೆ ಶಹಾಬಾದ್, ವಾಡಿ, ಚಿತ್ತಾಪುರದ ಸುದ್ದಿ ಕಳಿಸುತ್ತಿದ್ದೆ. ಸಾಹೇಬರು ಚಿತ್ತಾಪುರದ ಕಡೆಯವರೇ. ದೊಡ್ಡ ಕ್ರೀಡಾಂಗಣಗಳ ಛಾವಣಿ ವಿನ್ಯಾಸ ಮಾಡುವ ಮುಂಬೈಯ ಕಚೇರಿಯೊಂದರಲ್ಲಿ ಬಹುಕಾಲ ಇನ್ನೊಬ್ಬರ ಕೈಕೆಳಗೆ ದುಡಿದು, ಸ್ವಂತ ಕೆಲಸ ಶುರುಮಾಡಲು ಬಂದಿದ್ದರು. ನಮ್ಮೂರ ಮೈದಾನದ ಗ್ಯಾಲರಿಯ ಛಾವಣಿ ಅವರ ಹೆಸರಿನ ಮೊದಲ ಕೆಲಸ. ಮೇಲೆ ಪಾಲಿಕಾರ್ಬೊನೇಟ್ ಹಾಳೆ, ಕೆಳಗೆ ಅಲ್ಯೂಮಿನಿಯಂ ಆಸರೆ. ಇದು ಗಟ್ಟಿಯಾಗಿ ನಿಂತರೆ ದೊಡ್ಡ ನಗರವೊಂದರ ಸ್ಟೇಡಿಯಮ್ಮಿನ ಛಾವಣಿಯೂ ಅವರ ಕೈಗೆ ಬರುವುದಿತ್ತು. ಅದರ ನಕ್ಷೆ ಅವರ ಮೇಜಿನ ಮೇಲೆ ಸದಾ ಹರಡಿರುತ್ತಿತ್ತು.

ಊರು ಅವರನ್ನು ನಂಬಲಿಲ್ಲ. ಶಹಾಬಾದಿನಲ್ಲಿ ನೆಲ ಕಲ್ಲು, ಗೋಡೆ ಕಲ್ಲು, ಎಷ್ಟೋ ಮನೆಗಳ ಛಾವಣಿಯೂ ಫರಸಿ ಕಲ್ಲು. ತಗಡಿನ ಪತ್ರಾ ಹೊದಿಸಿದವರು ಕೂಡ ಗಾಳಿಗೆ ಹಾರೀತೆಂದು ಅದರ ಮೇಲೆ ಕಲ್ಲು ಹೇರುತ್ತಿದ್ದರು. ಒಬ್ಬನೇ ಆಳು ಹೆಗಲ ಮೇಲೆ ಹೊತ್ತು ನಡೆದ ಅಲ್ಯೂಮಿನಿಯಂ ತೊಲೆಯನ್ನು ನೋಡಿ ಮೈದಾನ ಸಮಿತಿಯ ಅಧ್ಯಕ್ಷರು ಎಲ್ಲರೆದುರಿಗೇ ಕೇಳಿದರು.

"ಏನ್ರಿ ಸಾಹೇಬ್ರ, ಚಹಾ ಕಾಸೋ ಪಾತೇಲಿ ಕರಗಿಸಿ ತೊಲಿ ಮಾಡೀರೇನು?"

"ವಿಮಾನಾನೂ ಇದರಾಗs ಮಾಡ್ತಾರ್ರಿ," ಎಂದರು ಸಾಹೇಬರು.

"ಅದಕ್ಕs ಅದು ಹಾರತದ!"

ಮೈದಾನವೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ.

ಊರಿನ ಮೇಲೆ ಅವರ ಅನುಮಾನವೂ ಕಡಿಮೆಯದಾಗಿರಲಿಲ್ಲ. ನಾನು ಹೊಸ್ತಿಲು ದಾಟಿದರೆ ಮೇಜಿನ ಮೇಲಿನ ನಕ್ಷೆಯನ್ನು ಮಗುಚಿಡುತ್ತಿದ್ದರು. ತಮ್ಮ ವಿದ್ಯೆಯನ್ನು ಯಾರೋ ಕದಿಯುತ್ತಾರೆ, ಇಲ್ಲವೇ ಕೆಡಿಸುತ್ತಾರೆ ಎಂಬ ಭಯ. ಕೆಲಸದವರಿಗೆ ಅಪ್ಪಣೆ ಮಾತ್ರ ಕೊಡುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ. ಹಾಳೆಯ ತೂತು ಬೋಲ್ಟಿಗಿಂತ ದೊಡ್ಡದಿರಬೇಕು, ಬೋಲ್ಟು ಬಿಗಿಯಬಾರದು, ಅಷ್ಟೇ. ಯಾರಾದರೂ ಬಿಗಿದಿದ್ದಾರೇನೋ ಎಂದು ದಿನಾ ಸಂಜೆ ಏಣಿ ಹತ್ತಿ, ಒಂದೊಂದು ವಾಷರನ್ನೂ ಎರಡು ಬೆರಳಿನಲ್ಲಿ ತಿರುಗಿಸಿ ನೋಡಿ, ಹುಬ್ಬು ಗಂಟಿಕ್ಕಿಕೊಂಡೇ ಇಳಿಯುತ್ತಿದ್ದರು.

ಮೇಸ್ತ್ರಿಯಾಗಿದ್ದವರು ಊರಿನ ಹಳೆಯ ಫರಸಿ ಉಸ್ತಾದರು. ಅವರು ಹಾಸಿದ ನೆಲದ ಸಂದಿನಲ್ಲಿ ಇರುವೆಯೂ ತೂರುವುದಿಲ್ಲ ಎಂದು ಜನ ಹೇಳುತ್ತಿದ್ದರು. ಸಾಹೇಬರ ಮೇಲೆ ಪ್ರೀತಿಯಿದ್ದದ್ದು ಅವರೊಬ್ಬರಿಗೇ. ಮಧ್ಯಾಹ್ನ ಬುತ್ತಿ ಬಿಚ್ಚಿ ಕರೆಯುತ್ತಿದ್ದರು: "ಬರ್ರಿ, ಕುಂದ್ರಿ. ಛಾವಣಿಗಂತೂ ತೂಕ ಇಲ್ಲ, ನಿಮ್ಮ ಹೊಟ್ಟಿಗರೆ ಇರ್ಲಿ."

ಬೇಸಿಗೆ ನಡುವೆ ಸಾಹೇಬರು ಉಳಿದ ಹಾಳೆ ತರಲು ಮುಂಬೈಗೆ ಹೋದರು. ಅವರು ಊರಲ್ಲಿಲ್ಲದಾಗ ಒಂದು ಮಧ್ಯಾಹ್ನ ಗ್ಯಾಲರಿಯ ಮೇಲೆ ಪಟಾಕಿ ಸಿಡಿದಂಥ ಸದ್ದು. ಹೋಗಿ ನೋಡಿದರೆ ಹಾಳೆಗಳು ಹಪ್ಪಳದ ಹಾಗೆ ಉಬ್ಬಿದ್ದವು. ತೂತು ತೂತಿನಿಂದಲೂ ಬಿರುಕು ಹೊರಟಿತ್ತು.

ಸುದ್ದಿ ತಿಳಿದ ಸಾಹೇಬರು ವಾಡಿಯಲ್ಲಿ ರೈಲಿಳಿದು ನೇರ ಮೈದಾನಕ್ಕೆ ಬಂದರು. ಅವರ ಹಿಂದೆ ನಾನೂ ಏಣಿ ಹತ್ತಿದೆ. ವಾಷರ್ ತಿರುಗಲಿಲ್ಲ. ಇನ್ನೊಂದೂ ತಿರುಗಲಿಲ್ಲ.

"ಬೇಕಂತs ಬಿಗಿದಾರ. ನಿಮ್ಮ ಅಧ್ಯಕ್ಷರದೇ ಕೆಲಸ. ಬರೀರಿ ಪೇಪರಿನ್ಯಾಗ!"

ನನಗೆ ಅಧ್ಯಕ್ಷರ ಮೇಲೂ ಅನುಮಾನವಿತ್ತು, ಸಾಹೇಬರ ಮೇಲೂ ಇತ್ತು. ಲೆಕ್ಕ ತಪ್ಪಿದವರು ಬೇರೆಯವರತ್ತ ಬೆರಳು ತೋರಿಸುವುದನ್ನು ಬೇಕಾದಷ್ಟು ನೋಡಿದ್ದೆ. ಸಾಹೇಬರು ಪಾನಾ ತರಿಸಿ ಬೋಲ್ಟು ಬಿಚ್ಚಿದರು. ತೂತಿನ ಸಂದಿನಿಂದ ಅವರ ಅಂಗೈಗೆ ಕಲ್ಲಿನ ಚಕ್ಕೆಗಳು ಉದುರಿದವು. ಬೂದು ಬಣ್ಣದ ಫರಸಿ, ಉಗುರಿನಷ್ಟು ತೆಳ್ಳಗೆ, ಒಂದು ಕಡೆ ಓರೆಯಾಗಿ ಸೀಳಿದಂಥವು. ನೆಲ ಹಾಸುವವರು ಸಂದು ತುಂಬಲು ಬಡಿಯುವಂಥವೇ. ಅಷ್ಟು ತೆಳ್ಳಗೆ ಸೀಳುವ ಕೈ ಊರಿನಲ್ಲಿ ಒಂದೇ ಇತ್ತು.

ಕೆಳಗೆ ಏಣಿ ಹಿಡಿದು ನಿಂತಿದ್ದ ಉಸ್ತಾದರೇ ಮಾತಾಡಿದರು.

"ಬಿಗಿ ಆಗ್ಯಾವಲ್ರಿ ಸಾಹೇಬ್ರ? ದಿನಾ ಅಲ್ಲಾಡಿಸಿ ನೋಡಿ ಮಾರಿ ಸಣ್ಣ ಮಾಡ್ಕೋತಿದ್ರಿ. ಸಾಹೇಬ್ರು ತೂತಿನ ಅಳತಿ ತಪ್ಪ್ಯಾರ ಅಂತ ಮಂದಿ ನಗಲಿಕತ್ತಿದ್ರು. ನೀವು ಬರೋದ್ರಾಗ ಎಲ್ಲಾ ತುಂಬಿಸಿ ಬಿಗಿದೆ. ಆದ್ರ ಈ ಪಿಲಾಸ್ಟಿಕ್ ಭಾಳ ಹರಾಮಿ ನೋಡ್ರಿ, ಕೈ ಕೊಟ್ಟದ."

ಸಾಹೇಬರು ಚಕ್ಕೆಗಳನ್ನು ಜೇಬಿಗೆ ಹಾಕಿಕೊಂಡರು. "ಹೌದು ಉಸ್ತಾದ್... ಪ್ಲಾಸ್ಟಿಕ್ಕs ಕೈ ಕೊಟ್ಟದ."

ಸಂಜೆ ಸಮಿತಿಯ ಮುಂದೆ ಅವರು ಹೇಳಿದ್ದಿಷ್ಟೇ: "ವಿನ್ಯಾಸ ನನ್ನದು, ಹೊಣೆನೂ ನಂದೇ." ಅಧ್ಯಕ್ಷರು ಸುತ್ತಲೂ ಕಣ್ಣಾಡಿಸಿ, "ನಾ ಮೊದಲs ಹೇಳಿದ್ದಿಲ್ಲೇನು?" ಎಂದರು.

ಮನೆಗೆ ನಡೆಯುತ್ತ ನಾನು ಕೇಳಿದೆ, ತೂತು ದೊಡ್ಡದೇಕೆಂದು ಉಸ್ತಾದರಿಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು. ಸಾಹೇಬರು ಜೇಬಿನಿಂದ ಒಂದು ಚಕ್ಕೆ ತೆಗೆದು ಬೆರಳಲ್ಲಿ ತಿರುಗಿಸಿದರು.

"ಬಿಸಲಿಗೆ ಹಾಳಿ ಹಿಗ್ಗತದ, ಅದಕ್ಕ ಜಾಗ ಬೇಕು. ಒಂದು ಮಾತು ಹೇಳಿದ್ರ... ಅವರಿಗೆ ಅಷ್ಟು ಸಾಕಾಗ್ತಿತ್ತು. ಅವರ ಹೆಸರು ಬರೀಬ್ಯಾಡ್ರಿ."

ಛಾವಣಿ ತೆಗೆಯಲು ಸಮಿತಿ ನಿರ್ಧರಿಸಿದೆ, ವಿನ್ಯಾಸಕಾರರು ಹೊಣೆ ಹೊತ್ತಿದ್ದಾರೆ ಎಂದು ಸುದ್ದಿ ಕಳಿಸಿದೆ. ಎರಡೂ ನಿಜವೇ ಆಗಿದ್ದವು. ನಗರದ ಸ್ಟೇಡಿಯಂ ಕೆಲಸ ಬೇರೆಯವರ ಪಾಲಾಯಿತು. ಮಳೆಗಾಲಕ್ಕೆ ಮುಂಚೆ ಸಾಹೇಬರು ನಕ್ಷೆ ಸುತ್ತಿಕೊಂಡು ಮತ್ತೆ ಮುಂಬೈಗೆ, ಇನ್ನೊಬ್ಬರ ಕೈಕೆಳಗಿನ ಕೆಲಸಕ್ಕೆ ಹೋದರು. ಅಲ್ಲಿಯೇ ತೀರಿಕೊಂಡರೆಂದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಉಸ್ತಾದರು ಅವರಿಗಿಂತ ಮೊದಲೇ ಹೋಗಿದ್ದರು, ಕೊನೆಯವರೆಗೂ ಪ್ಲಾಸ್ಟಿಕ್ಕನ್ನು ಬೈಯುತ್ತ...

ಸೇಡಂ ನಿಲ್ದಾಣದಲ್ಲಿ ಚಪ್ಪರದ ಅಂಚು ಕೈಗೆಟುಕುವಂತಿತ್ತು. ಒಂದು ವಾಷರನ್ನು ಎರಡು ಬೆರಳಿನಲ್ಲಿ ಹಿಡಿದೆ. ತಿರುಗಿತು.

"ಯಜಮಾನ್ರ, ಬಿಡ್ರಿ. ಅದು ಹಂಗs ಇರಬೇಕು," ಎಂದ ಏಣಿಯ ಮೇಲಿದ್ದವನು.

"ಯಾಕಪ್ಪಾ?"

"ಬಿಸಲಿಗೆ ಹಾಳಿ ಹಿಗ್ಗತದ್ರಿ."

ನಾನು ಯಾರೆಂದೂ ಅವನಿಗೆ ಗೊತ್ತಿರಲಿಲ್ಲ. ಕೇಳಿದ್ದಕ್ಕೆ ಹೇಳಿ, ಮತ್ತೆ ಡ್ರಿಲ್ ಹಿಡಿದ.