ಕ್ಲುವಾಂಗಿನ ಬಾಳೆಹಣ್ಣಿನ ಬಜ್ಜಿ

ಮಲೇಷಿಯಾದ ಕ್ಲುವಾಂಗ್ ಎಂಬ ಸಣ್ಣ ಊರಿನ ಬಸ್ ನಿಲ್ದಾಣದಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಪಕ್ಕದಲ್ಲಿ ನನ್ನ ಅತ್ತೆ. ಚನ್ನಗಿರಿಯಿಂದ ತಂದ ಅವಲಕ್ಕಿ ನಿನ್ನೆಯೇ ಮುಗಿದು, ಬೆಳಗಿನಿಂದ ಅವರು ಬರೀ ನೀರು ಕುಡಿದಿದ್ದರು. ಯಾವ ತಿಂಡಿ ತೋರಿಸಿದರೂ ಒಂದೇ ಮಾತು: "ಮೀನು ಕರಿದ ಎಣ್ಣೆ ಇರ್ತೈತೆ, ಬ್ಯಾಡ." ಹಟ ಮಾಡಿ ಕರೆತಂದವಳು ನಾನು. ಇವರು ತಲೆಸುತ್ತಿ ಬಿದ್ದರೆ ಗಂಡನಿಗೆ ಏನು ಹೇಳಲಿ?

ಎದುರಿನ ತಳ್ಳುಗಾಡಿಯಲ್ಲಿ ತಲೆಗೆ ವಸ್ತ್ರ ಸುತ್ತಿದ ಹೆಂಗಸೊಬ್ಬಳು ಬಾಳೆಹಣ್ಣಿನ ಬಜ್ಜಿ ಕರಿಯುತ್ತಿದ್ದಳು. ನನ್ನ ಅರೆಬರೆ ಇಂಗ್ಲಿಷಿನಲ್ಲಿ ಎಣ್ಣೆಯ ವಿಷಯ ಕೇಳಿದೆ. ಅವಳು ನಕ್ಕು, ತೂಗುಹಾಕಿದ್ದ ಬಾಳೆಗೊನೆಗಳನ್ನು ತೋರಿಸಿ, ಈ ಬಾಣಲೆಗೆ ಬೇರೇನೂ ಬೀಳುವುದಿಲ್ಲ ಎಂದಳು.

ಅತ್ತೆ ಒಪ್ಪಿದರು. ಆದರೆ ಬಜ್ಜಿ ಕೈಗೆ ಬಂದರೂ ತಿನ್ನಲಿಲ್ಲ. ಸೆರಗಿನೊಳಗಿಂದ ಇಷ್ಟಲಿಂಗ ತೆಗೆದು, ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಆ ಹೆಂಗಸು ಸೌಟು ಕೆಳಗಿಟ್ಟು, ಹಾಡುತ್ತಿದ್ದ ರೇಡಿಯೊ ನಿಲ್ಲಿಸಿ, ಸುಮ್ಮನೆ ನಿಂತಳು. ಅತ್ತೆ ಕಣ್ಣು ಬಿಟ್ಟ ಮೇಲೆಯೇ ಕರ್ರಗಿನ ಚಟ್ನಿಯೊಂದನ್ನು ಮುಂದಿಟ್ಟು, ಕೇಳುವ ಮೊದಲೇ ಬೆರಳು ಮಡಚುತ್ತ ಹೇಳಿದಳು: ಮೆಣಸಿನಕಾಯಿ, ಬೆಳ್ಳುಳ್ಳಿ, ಸೋಯಾ, ಅಷ್ಟೇ. ಸಿಹಿ ಬಜ್ಜಿಗೆ ಖಾರ ನಂಚಿಕೊಳ್ಳುವುದನ್ನು ನಾನು ಕಂಡದ್ದು ಇಲ್ಲೇ.

ಅತ್ತೆ ಅದ್ದಿ ಬಾಯಿಗಿಟ್ಟರು. ನಾನು ಅವರ ಮುಖವನ್ನೇ ನೋಡಿದೆ.

"ಖಾರ ಸಾಲ್ದು. ನಮ್ಮ ಸಂತೇಲಿ ಮಿರ್ಚಿ ಮಾಡೋರು ಇದನ್ನ ನೋಡಿ ನಗ್ತಾರೆ."

ತಟ್ಟೆ ಖಾಲಿಯಾಗಿತ್ತು.

"ಇನ್ನೊಂದ್ ನಾಕು ಹಾಕಾಕೆ ಹೇಳವ್ವ."