ಮಾಲಕರು ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿದಾಗ

ನಮ್ಮ ಮಾಲಕರಿಗೆ ಎರಡು ರೂಢಿ. ಬೆಳಿಗ್ಗೆ ಆಫೀಸಿನ ಒಂದೇ ಒಂದು ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ತಾವೇ ಚಾಲೂ ಮಾಡುವುದು. ಅದಕ್ಕೂ ಮುಂಚೆ ಯಾರೂ ಅದನ್ನು ಮುಟ್ಟುವಂತಿಲ್ಲ. ಸಂಜೆ ಹೊರಡುವಾಗ ಮೇನ್ ಸ್ವಿಚ್ಚನ್ನೇ ಕೆಳಗೆಳೆಯುವುದು. ಕಂಪ್ಯೂಟರನ್ನು ಕ್ರಮವಾಗಿ ಬಂದ್ ಮಾಡಬೇಕು ಎಂದರೆ, "ಆರಿಸಾಕ ಇಷ್ಟೆಲ್ಲಾ ಶಾಸ್ತ್ರ ಬೇಕೇನೋ?" ಎನ್ನುತ್ತಿದ್ದರು. ಬೆಳಗಿನ ಶಾಸ್ತ್ರ ಮಾತ್ರ ಬಿಡುತ್ತಿರಲಿಲ್ಲ.

ಹೊಸ ಶತಮಾನ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ನಾನು ಖಾನಾಪುರದಿಂದ ಬಸ್ಸು ಹಿಡಿದು ಮಚ್ಛೆಯ ಆ ಸಣ್ಣ ಕಾರ್ಖಾನೆಗೆ ಗುಮಾಸ್ತಿಕೆಗೆ ಹೋಗುತ್ತಿದ್ದೆ. ಮಾಲಕರು ನನ್ನ ತಂಗಿಗೆ ತಮ್ಮ ಅಕ್ಕನ ಮಗನನ್ನು ನೋಡಿದ್ದರು. ಹುಡುಗ ಒಪ್ಪಿದ್ದ, ಇವಳೂ ಒಪ್ಪಿದ್ದಳು. ಅಷ್ಟರಲ್ಲಿ ಅವಳ ಮೊಣಕೈ ಹತ್ತಿರ ಬೇಳೆಯಷ್ಟು ಬಿಳಿ ಕಲೆ ಕಾಣಿಸಿತು. ತೊನ್ನು ಎಂಬ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಗಂಡಿನವರಿಗೆ ಹೇಳುವುದಾದರೆ ತಿಳಿದುಕೊಂಡು ಹೇಳೋಣ ಎಂದು ನಾನು ಆಫೀಸಿನ ಇಂಟರ್ನೆಟ್ಟಿನಲ್ಲಿ ಕದ್ದು ಓದತೊಡಗಿದೆ. ಅದು ಅಂಟುವ ರೋಗವಲ್ಲ ಎಂದು ಓದಿದ ದಿನ ಊಟ ರುಚಿಸಿತು.

ಒಂದು ಸಂಜೆ ಅಂಥ ಐದಾರು ಪುಟ ತೆರೆದುಕೊಂಡು ಕೂತಿದ್ದಾಗಲೇ ಮಾಲಕರು ಸ್ವಿಚ್ ಎಳೆದರು. ಪರದೆ ಕಪ್ಪಾಯಿತು. ಸದ್ಯ, ನೋಡಲಿಲ್ಲವಲ್ಲ ಎಂದುಕೊಂಡು ಬಸ್ ಹತ್ತಿದೆ. ಅರ್ಧ ದಾರಿಯಲ್ಲಿ ನೆನಪಾಯಿತು. ಆಗಷ್ಟೇ ಹಾಕಿಸಿದ್ದ ಹೊಸ ಬ್ರೌಸರ್, ನಡುವೆ ಕರೆಂಟು ಹೋದರೆ ಮರುದಿನ ಹಳೆಯ ಪುಟಗಳನ್ನೆಲ್ಲ ತಾನೇ ತೆರೆದಿಡುತ್ತಿತ್ತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ!

ಊರಲ್ಲಿ ಇಳಿದವನೇ ಎಸ್‌ಟಿಡಿ ಬೂತಿನಿಂದ ಟಿಳಕವಾಡಿಯ ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದೆ.

"ಭಾಳ ಸರಳ ಐತ್ರಿ. ಹಳೇ ಪೇಜ್ ಎಲ್ಲಾ ಮುಚ್ರಿ. ಸೆಟ್ಟಿಂಗ್ಸ್‌ನಾಗ ಹೋಗಿ, ಚಾಲೂ ಆದಾಗ ಖಾಲಿ ಪೇಜ್ ಬರ್ಲಿ ಅಂತ ಆರಿಸ್ರಿ."

"ಚಾಲೂ ಮಾಡೂಕಿಂತ ಮೊದ್ಲ ಮಾಡಾಕ ಬರೂದಿಲ್ಲೇನ್ರಿ?"

ಅವನು ನಕ್ಕ. "ಬಾಗ್ಲಾ ತಗೀಲಾರ್ದ ಒಳಗಿನ ಕಸಾ ಹೆಂಗ ಹೊಡೀತೀರಿ?"

ಮರುದಿನ ಮೊದಲ ಬಸ್ಸಿಗೇ ಹೋದೆ. ಏನು ಪ್ರಯೋಜನ? ಬೀಗದ ಕೈ ಮಾಲಕರ ಹತ್ತಿರವೇ ಇರುತ್ತಿತ್ತು. ಅವರು ಬಂದ ಕೂಡಲೇ ಹಲ್ಲು ಗಿಂಜಿದೆ. "ಇವತ್ತೊಂದಿನ ನಾ ಚಾಲೂ ಮಾಡ್ತೀನ್ರಿ ಮಾಲಕ್ರ."

"ಜಳಕಾ ಮಾಡಿ ಬಂದೀಯೇನು?"

"ಹೂಂ ರೀ."

"ಆದ್ರೂ ಬ್ಯಾಡ."

ವಿಭೂತಿ ಹಚ್ಚಿದರು. ಊದಿನಕಡ್ಡಿ ಹಿಡಿದುಕೊಂಡೇ ಮೇಲ್ ನೋಡಲು ಬ್ರೌಸರ್ ಒತ್ತಿದರು. ಬಿಳಿ ಕಲೆಯ ಕೈ, ಬಿಳಿ ಕಲೆಯ ತುಟಿ, ಬಿಳಿ ಕಲೆಯ ರೆಪ್ಪೆಗಳ ಫೋಟೋಗಳು ಒಂದೊಂದಾಗಿ ತೆರೆದುಕೊಂಡವು. ಅವನ್ನು ತಿಳಿಯಲು ಇಂಗ್ಲಿಷ್ ಬರಬೇಕಿರಲಿಲ್ಲ.

"ಯಾರದಿದು?"

"ನಂದ್ರಿ," ಎಂದೆ. ತಂಗಿಯನ್ನು ಉಳಿಸಿಬಿಟ್ಟೆ ಅಂತಲೇ ಆ ಗಳಿಗೆಯಲ್ಲಿ ಅನ್ನಿಸಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅವರು ನನ್ನ ಕೈ ನೋಡಿದರು, ಮುಖ ನೋಡಿದರು. ಆಮೇಲೆ ಮೆತ್ತಗೆ ಕೇಳಿದರು: "ನಿಮ್ಮ ಮನಿತನದಾಗ ಐತೇನು?"

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. "ಇಲ್ರಿ" ಎಂದಷ್ಟೇ ಬಂತು. ಅಷ್ಟು ದಿನ ಓದಿದ್ದರಲ್ಲಿ ಒಂದು ಮಾತೂ ನಾಲಿಗೆಗೆ ಬರಲಿಲ್ಲ.

"ತಗದ ಹಾಕು ಅವನ್ನ. ಇನ್ನೊಮ್ಮೆ ಬರಬಾರ್ದು."

ಎರಡೇ ನಿಮಿಷದ ಕೆಲಸ. ರಿಪೇರಿಯವನು ಹೇಳಿದಂತೆಯೇ ಮಾಡಿದೆ. ಮರುದಿನ ಖಾಲಿ ಪುಟ ಬಂತು, ಮಾಲಕರು "ಛಲೋ ಆತು ನೋಡು" ಎಂದರು.

ಅಕ್ಕನ ಮಗನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಕೇಳುವ ಧೈರ್ಯ ನನಗಾಗಲಿಲ್ಲ. ತಂಗಿ ದಿನಾ ಸಂಜೆ, ನಾನು ಚಪ್ಪಲಿ ಬಿಡುವುದರೊಳಗೇ ಬಾಗಿಲಿಗೆ ಬರುತ್ತಿದ್ದಳು.

"ಅಣ್ಣಾ, ಮಾಲಕ್ರು ಏನರ ಅಂದ್ರೇನು?"

"ಏನೂ ಅಂದಿಲ್ಲವ್ವಾ," ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ.

ಎರಡು ತಿಂಗಳಾದ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ಆ ವಾರವೇ ಪೇಟೆಗೆ ಹೋಗಿ, ಇದ್ದ ಕುಪ್ಪಸಗಳಿಗೆಲ್ಲ ಉದ್ದ ತೋಳು ಹಚ್ಚಿಸಿಕೊಂಡು ಬಂದಳು.