ರುಚಿ ನೋಡಿದರೆ ತಿಂದಂತಲ್ಲ

ಮಾಡುವವನೇ ಕಡ್ಡಿಯಂತಿದ್ದರೆ ಅವನ ಬ್ರೆಡ್ಡನ್ನು ಯಾರು ನಂಬುತ್ತಾರೆ ಎಂಬುದು ಉಬ್ಬಣ್ಣನ ವಾದ. ಅವನ ನಿಜವಾದ ಹೆಸರು ಬೀದಿಯವರಿಗೆ ಮರೆತೇ ಹೋಗಿತ್ತು, ಅವನಿಗೂ ಹೆಚ್ಚುಕಡಿಮೆ ಮರೆತಿತ್ತು. ಈ ಬೇಕರಿಗೆ ಕೆಲಸ ಕಲಿಯಲು ಬಂದಾಗ ಅವನೂ ಕಡ್ಡಿಯಂತೆಯೇ ಇದ್ದ. ಯಜಮಾನ ಅವನ ಕೆಲಸ ಮೆಚ್ಚಿ, ಮಗಳನ್ನೂ ಕೊಟ್ಟು, ಮಾವನಾಗುವಷ್ಟರಲ್ಲಿ ಇವನು ಹಿಟ್ಟಿನ ಜೊತೆ ತಾನೂ ಉಬ್ಬಿಕೊಂಡಿದ್ದ. ಮಾವ ಕಣ್ಣು ಮುಚ್ಚಿದ ಮೇಲೆ ಒಲೆ ಅವನದಾಯಿತು, ಮುಂದಿನ ಗಾಜಿನ ಕಪಾಟು ಹೆಂಡತಿಯದಾಯಿತು. ಒಳಗೆ ಅವನು ಬೇಯಿಸುವುದು, ಹೊರಗೆ ಅವಳು ಮಾರುವುದು. ನಡುವೆ ಒಂದು ಪರದೆ.

ಪರದೆಯ ಹಿಂದಿನ ಕೋಣೆ ಅವನ ಸಾಮ್ರಾಜ್ಯ. ನಾದಿ ನಾದಿ ನಡು ತಗ್ಗಾದ ಮರದ ಮೇಜು, ಗೋಡೆಗೆ ಒರಗಿದ ಮೈದಾ ಮೂಟೆಗಳು, ಕಿಟಕಿಯ ಸರಳಿನ ಮೇಲೂ ಬಿಳಿ ಪುಡಿ. ಗಡಿಯಾರ ಇತ್ತು, ಆದರೆ ಅದನ್ನು ನೋಡಿ ಬೇಯಿಸುವವರನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ. ಬ್ರೆಡ್ಡಿನ ಬೆನ್ನಿನ ಬಣ್ಣ ನೋಡಬೇಕು, ತಳ ತಟ್ಟಿ ಕೇಳಬೇಕು, ಬಾಯಿಗೆ ಹಾಕಿ ನೋಡಬೇಕು. ಇದು ಮಾವ ಕಲಿಸಿದ ಕ್ರಮ. ಅದರಲ್ಲಿ ಒಂದಕ್ಷರ ಬದಲಾಯಿಸಿದವನಲ್ಲ ಉಬ್ಬಣ್ಣ.

ಹಾಗಿದ್ದವನು ಒಂದು ಬೆಳಗ್ಗೆ ಪೂರ್ತಿ ಒಂದು ಟ್ರೇ ಬನ್ನು ಕರಕಲು ಮಾಡಿದ. ಮಾಡಿದ್ದಷ್ಟೇ ಅಲ್ಲ, ಪರದೆ ಸರಿಸಿ ಅದನ್ನು ತಂದು ಕಪಾಟಿನಲ್ಲಿ ಜೋಡಿಸಲು ಶುರು ಮಾಡಿದ.

"ಏನ್ರೀ ಇದು, ಇದ್ದಿಲು ಮಾರೋಕೆ ಹೊರಟಿದೀರಾ?" ಎಂದಳು ಹೆಂಡತಿ.

"ಯಾಕೆ? ಹದವಾಗಿ ಕೆಂಪಗಿದೆಯಲ್ಲ?"

ಅವನು ತಮಾಷೆ ಮಾಡುತ್ತಿಲ್ಲ ಎಂದು ತಿಳಿದಾಗ ಅವಳು ಟ್ರೇಯನ್ನು ಅವನ ಕೈಯಿಂದ ಕಿತ್ತು ಕೆಳಗಿಟ್ಟಳು. ಅಂದೇ ಅವನನ್ನು ಎಳೆದುಕೊಂಡು ಡಾಕ್ಟರ ಬಳಿ ಹೋದಳು. ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ರಕ್ತ ತೆಗೆಸಿದರು, ವರದಿ ಬಂದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರುಗಳು ಕನ್ನಡಕ ತೆಗೆದರೆ ಒಳ್ಳೆಯ ಸುದ್ದಿ ಬರುವುದಿಲ್ಲ ಎಂಬುದು ಕಾಯಿಲೆ ಬಿದ್ದವರಿಗೆಲ್ಲ ಗೊತ್ತು.

"ಸಕ್ಕರೆ ಕಾಯಿಲೆ, ಯಜಮಾನ್ರೇ. ಇವತ್ತು ನಿನ್ನೆದಲ್ಲ, ವರ್ಷಗಳಿಂದ ಒಳಗೇ ಕೂತಿದೆ. ಕಣ್ಣಿನ ಹಿಂದೆ ಸಣ್ಣ ರಕ್ತನಾಳಗಳು ಸೋರ್ತಿವೆ. ಮಾತ್ರೆ ಕೊಡ್ತೀನಿ. ಆದ್ರೆ ಮಾತ್ರೆ ಒಂದೇ ಸಾಲದು. ಬ್ರೆಡ್ಡು, ಬನ್ನು, ಮೈದಾ ರೊಟ್ಟಿ, ಎಲ್ಲಾ ನಿಲ್ಲಬೇಕು. ಸಕ್ಕರೆ ಇಳಿದ್ರೆ ಇರೋ ಕಣ್ಣು ಉಳಿಯತ್ತೆ. ಇಲ್ದಿದ್ರೆ ಕಷ್ಟ."

"ಎಷ್ಟು ಕಷ್ಟ?" ಎಂದ ಉಬ್ಬಣ್ಣ.

"ಒಲೆ ಮುಂದೆ ನಿಲ್ಲೋಕಾಗದಷ್ಟು."

ಉಬ್ಬಣ್ಣ ಮನೆಯ ಬಾಗಿಲು ತೆಗೆದವನೇ, "ಇನ್ಮೇಲೆ ನನ್ನ ತಟ್ಟೆಗೆ ಒಂದು ಚೂರು ಬ್ರೆಡ್ಡು ಬಿದ್ರೆ ಕೇಳು" ಎಂದು ಮಾತು ಕೊಟ್ಟ. ಹೆದರಿದ್ದ. ಹೆದರಿದವನ ಮಾತು ಗಟ್ಟಿಯಾಗಿಯೇ ಇರುತ್ತದೆ.

ಅಂದಿನಿಂದ ಹೆಂಡತಿಯ ಅಡುಗೆಮನೆ ಪ್ರಯೋಗಶಾಲೆಯಾಯಿತು. ಬ್ರೆಡ್ಡು ತಿಂದೇ ಬೆಳೆದ ಬಾಯಿಗೆ ಬ್ರೆಡ್ಡಿಲ್ಲದೆ ಊಟ ಇಳಿಯುವುದು ಹೇಗೆ? ಮೊದಲು ಎಲೆಕೋಸಿನ ದೊಡ್ಡ ಎಲೆಗಳನ್ನು ಬಿಸಿನೀರಿಗೆ ಅದ್ದಿ ಮೆತ್ತಗೆ ಮಾಡಿ, ಒಳಗೆ ಪಲ್ಯವಿಟ್ಟು ಸುತ್ತಿ ಕೊಟ್ಟಳು. "ಚೆನ್ನಾಗಿದೆ, ಆದ್ರೆ ಹಸುವಿಗೆ ಹಾಕೋದನ್ನ ನನಗೆ ಹಾಕಿದ ಹಾಗಿದೆ" ಎಂದ. ಹೂಕೋಸನ್ನು ತುರಿದು, ಬಟ್ಟೆಯಲ್ಲಿ ಹಿಂಡಿ, ಮೊಟ್ಟೆ ಕಲಸಿ ತಟ್ಟಿ ಬೇಯಿಸಿದಳು. ಮೊದಲ ಸಲ ನೀರು ಸರಿಯಾಗಿ ಹಿಂಡದೆ ಅದು ಬಾಣಲೆಗೇ ಅಂಟಿ ಕೂತಿತು, ಚಮಚದಲ್ಲಿ ಕೆರೆದು ತಿಂದರು. ತುರಿದ ಚೀಸನ್ನು ಬಾಣಲೆಯಲ್ಲಿ ಕರಗಿಸಿ ಗರಿಗರಿ ಬಿಲ್ಲೆ ಮಾಡಿದಾಗ ಮಾತ್ರ ಅವನು ಏನೂ ಹೇಳದೆ ತಟ್ಟೆ ಖಾಲಿ ಮಾಡಿದ. ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿದ ಮೊಟ್ಟೆಯ ತೆಳು ಹಾಳೆಯನ್ನಂತೂ ಬಾಯಿ ಚಪ್ಪರಿಸಿ ತಿಂದ. ಅದರಲ್ಲಿ ಹುರಿದ ಅಣಬೆ ಸುತ್ತಿಕೊಟ್ಟರೆ ಮೈದಾ ರೊಟ್ಟಿ ನೆನಪಿಗೇ ಬರುವುದಿಲ್ಲ ಎಂದು ತಾನಾಗಿಯೇ ಒಪ್ಪಿದ. ಆದರೆ ಸೂಪಿನ ಬಟ್ಟಲು ಮುಂದೆ ಬಂದಾಗ ಮಾತ್ರ ಅವನ ಎಡಗೈ ಸುಮ್ಮನೆ ಮೇಜಿನ ಮೇಲೆ ಏನನ್ನೋ ತಡಕಾಡುತ್ತಿತ್ತು. ಅದ್ದಿ ತಿನ್ನಲು ಏನಾದರೂ ಬೇಕಲ್ಲ.

ಇಷ್ಟೆಲ್ಲ ಮಾಡಿಯೂ ಮುಂದಿನ ಸಲ ರಕ್ತ ತೆಗೆಸಿದರೆ ಸಕ್ಕರೆ ಇದ್ದಲ್ಲೇ ಇತ್ತು.

"ಯಜಮಾನ್ರೇ, ನಿಜ ಹೇಳಿ. ಕದ್ದು ತಿಂತಿದೀರಾ?" ಎಂದರು ಡಾಕ್ಟರಮ್ಮ.

ಉಬ್ಬಣ್ಣನಿಗೆ ಸಿಟ್ಟು ನೆತ್ತಿಗೇರಿತು. "ನಾನು ಮಾತು ಕೊಟ್ರೆ ಮುಗೀತು. ಒಂದು ಚೂರು ಬ್ರೆಡ್ಡು ತಿಂದಿದ್ರೆ ನನ್ನ ಕೈ ಬಿದ್ದು ಹೋಗ್ಲಿ!"

ಮನೆಗೆ ಬರುವಾಗ ಹೆಂಡತಿ ಬೀದಿಯ ತಿರುವಿನಲ್ಲಿ ಮೆಲ್ಲಗೆ, "ಒಂದೇ ಒಂದು ಬನ್ನೂ ಇಲ್ವಾ?" ಎಂದಳು. ಅವನು ನಿಂತುಬಿಟ್ಟ. ಇಷ್ಟು ವರ್ಷ ಜೊತೆಗೆ ಬಾಳಿದವಳೂ ನಂಬದಿದ್ದರೆ ಇನ್ನಾರು ನಂಬಬೇಕು ಎಂದು ಅವನಿಗೆ ನಿಜಕ್ಕೂ ನೋವಾಯಿತು. ಅವನು ಸುಳ್ಳು ಹೇಳುವವನಲ್ಲ ಎಂದು ಅವಳಿಗೂ ಗೊತ್ತಿತ್ತು. ರಕ್ತವೂ ಸುಳ್ಳು ಹೇಳುವುದಿಲ್ಲವಲ್ಲ ಎಂಬುದೇ ಅವಳ ಚಿಂತೆ.

ಮರುದಿನ ಬೆಳಗ್ಗೆ ಅವಳು ಪರದೆ ಸರಿಸಿ ಒಳಗೆ ಬಂದಳು. ಮೂಲೆಯ ಮೂಟೆಯ ಮೇಲೆ ಕೂತಳು, ತೊಡೆಯ ಮೇಲೆ ಒಂದು ಪಾತ್ರೆ.

"ಏನೇ ಇದು? ಕಾವಲಾ?"

"ಚಳಿ ಕಣ್ರೀ. ಒಲೆ ಹತ್ರ ಕೂತಿರ್ತೀನಿ. ನೀವು ನಿಮ್ಮ ಕೆಲಸ ಮಾಡ್ಕೊಳ್ಳಿ."

ಅವನು ಕೆಲಸಕ್ಕೆ ತೊಡಗಿದ, ಸ್ವಲ್ಪ ಹೊತ್ತಿಗೆ ಅವಳನ್ನು ಮರೆತೂಬಿಟ್ಟ. ಹಿಟ್ಟು ನಾದುತ್ತ ಒಂದು ಚೂರು ಕಿತ್ತು ನಾಲಿಗೆಗೆ ಇಟ್ಟ. ಅವಳು ಅಷ್ಟೇ ದೊಡ್ಡ ಚೂರನ್ನು ಕಿತ್ತು ಪಾತ್ರೆಗೆ ಹಾಕಿದಳು. ಹಿಟ್ಟು ಉಬ್ಬಿದ ಮೇಲೆ ಹುಳಿ ಬಂದಿದೆಯೇ ಎಂದು ಇನ್ನೊಂದು ಚೂರು. ಅವಳೂ ಇನ್ನೊಂದು. ಮೊದಲ ಟ್ರೇ ಹೊರಬಂದಾಗ ಮೂಲೆಯ ಬ್ರೆಡ್ಡಿನ ತುದಿ, ಬನ್ನು ಬೆಂದಾಗ ಒಂದರ ಹೊಟ್ಟೆ, ತೆಳು ರೊಟ್ಟಿಯ ಅಂಚು, ಒಡೆದುಹೋದ ಬಿಸ್ಕತ್ತಿನ ಚೂರು. ಮಾತಾಡುತ್ತ, ಗುನುಗುತ್ತ, ಬೆವರು ಒರೆಸುತ್ತ ಕೈ ಬಾಯಿಗೆ ಹೋಗುತ್ತಲೇ ಇತ್ತು. ಕಡೆಯ ಟ್ರೇ ಇಳಿಸಿ ಅವನು ಸೊಂಟ ನೇರ ಮಾಡುವಾಗ ಅವಳು ಪಾತ್ರೆಯನ್ನು ತಂದು ಮೇಜಿನ ಮೇಲಿಟ್ಟಳು.

"ಇದೇನು?"

"ನೀವು ಬೆಳಗ್ಗೆಯಿಂದ ತಿಂದಿದ್ದು."

ಪಾತ್ರೆ ತುಂಬಿ ತುಳುಕುತ್ತಿತ್ತು. ಒಂದು ಮನೆಯವರು ಕೂತು ತಿನ್ನುವಷ್ಟಿತ್ತು.

"ತಿಂದಿದ್ದಲ್ಲ ಕಣೇ, ರುಚಿ ನೋಡಿದ್ದು" ಎಂದ ಉಬ್ಬಣ್ಣ. ಹೇಳಿದ ಮೇಲೆ ಆ ಮಾತು ಅವನ ಕಿವಿಗೇ ಹೇಗೋ ಕೇಳಿಸಿತು. ಅವನು ಮೋಸ ಮಾಡಿರಲಿಲ್ಲ. ರುಚಿ ನೋಡುವುದು ಕೆಲಸ, ತಿನ್ನುವುದು ಊಟ. ಬಡಗಿಯ ಮೂಗಿಗೆ ಹೋದ ಮರದ ಪುಡಿಯನ್ನು ಯಾರಾದರೂ ಊಟ ಎನ್ನುತ್ತಾರೆಯೇ? ಅವನು ಅದನ್ನು ಯಾವತ್ತೂ ಊಟದ ಲೆಕ್ಕಕ್ಕೆ ಹಿಡಿದವನೇ ಅಲ್ಲ. ಪಾತ್ರೆಯನ್ನು ನೋಡಿ ಮೊದಲು ನಗು ಬಂತು, ಹೊಟ್ಟೆ ಕುಣಿಯುವಷ್ಟು ನಕ್ಕ. ಆಮೇಲೆ ನಗು ನಿಂತು ಭಯ ಬಂತು.

"ರುಚಿ ನೋಡದೆ ಬೇಯಿಸೋದು ಹೇಗೆ?" ಎಂದ ಸಣ್ಣ ದನಿಯಲ್ಲಿ.

"ನಾನು ನೋಡ್ಲಾ?"

"ಬೇಡ. ನಿಮ್ಮಪ್ಪ ಏನು ಹೇಳ್ತಿದ್ರು? ಒಲೆ ಮುಂದೆ ಒಂದೇ ನಾಲಿಗೆ ಇರ್ಬೇಕು ಅಂತ. ಇಬ್ಬರು ರುಚಿ ನೋಡಿದ್ರೆ ಬ್ರೆಡ್ಡು ಇಬ್ಬರದ್ದೂ ಆಗಲ್ಲ."

ಅವಳು ಸುಮ್ಮನಾದಳು. ಈ ವಿಷಯದಲ್ಲಿ ಅವಳು ಯಾವಾಗಲೂ ಸುಮ್ಮನಾಗುತ್ತಿದ್ದಳು.

ಮಾರನೆಯ ದಿನದಿಂದ ಉಬ್ಬಣ್ಣ ಬಾಯಿಗೆ ಟವೆಲು ಕಟ್ಟಿಕೊಂಡು ಒಲೆಯ ಮುಂದೆ ನಿಂತ. ಪಕ್ಕದ ಅಂಗಡಿಯ ದರ್ಜಿ ಇಣುಕಿ ನೋಡಿ, "ಏನಣ್ಣ, ದರೋಡೆಗೆ ಹೊರಟ್ಯಾ?" ಎಂದು ಹಲ್ಲು ಬಿಟ್ಟ. ಕೈ ತನ್ನಷ್ಟಕ್ಕೇ ಬಾಯಿಗೆ ಹೋಗಿ ಬಟ್ಟೆಗೆ ತಾಗಿ ಇಂಗು ತಿಂದ ಮಂಗನಂತೆ ಹಿಂದೆ ಬರುತ್ತಿತ್ತು. ಅಳತೆಗಳು ಕೈಗೆ ಗೊತ್ತಿದ್ದವು, ಬ್ರೆಡ್ಡು ಎಂದಿನಂತೆ ಉಬ್ಬಿತು, ಬೆಂದಿತು, ಮಾರಾಟವೂ ಆಯಿತು. ಆದರೆ ಅವನಿಗೆ ಮಾತ್ರ ಅದು ತನ್ನದಲ್ಲ ಎನಿಸುತ್ತಿತ್ತು. ಮಗುವನ್ನು ಎತ್ತಿಕೊಳ್ಳದೆ ಬರೀ ಸ್ನಾನ ಮಾಡಿಸಿ ಕಳಿಸಿದ ಹಾಗೆ.

ಅದೇ ಕೊರಗಿನಲ್ಲಿ ಒಂದು ಮಧ್ಯಾಹ್ನ ಅವನಿಗೆ ಹೊಳೆಯಿತು. ತನಗೆ ರುಚಿ ನೋಡಲು ಮೈದಾ ಇಲ್ಲದ ಬ್ರೆಡ್ಡು ಬೇಕು. ತಿನ್ನುವುದಕ್ಕಲ್ಲ, ರುಚಿ ನೋಡುವುದಕ್ಕೆ! ಈ ಸಣ್ಣ ವ್ಯತ್ಯಾಸ ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ, ಅವನಿಗೆ ಮಾತ್ರ ಜೀವ ಬಂದಂತಾಯಿತು. ಅಲ್ಲಿಯವರೆಗೆ ಪಥ್ಯವೆಂದು ಮೂಗು ಮುರಿಯುತ್ತಿದ್ದವನು ತಾನೇ ಬಾದಾಮಿ ಪುಡಿ, ಅಗಸೆ ಬೀಜ, ಇಸಬ್‌ಗೋಲಿನ ಸಿಪ್ಪೆ ತಂದು ಮೇಜಿನ ಮೇಲೆ ಹರಡಿದ.

ಮೊದಲನೆಯದು ಇಟ್ಟಿಗೆಯಾಯಿತು. ತಪ್ಪು ಅವನದೇ. ಮೈದಾ ನಾದಿದ ಕೈ ಅದನ್ನೂ ನಾದಿ ನಾದಿ ಸಾಯಿಸಿತ್ತು. ಎರಡನೆಯದು ಉಬ್ಬಲೆಂದು ಅರ್ಧ ದಿನ ಕಾದ. ಅದು ಉಬ್ಬುವ ಜಾತಿಯದಲ್ಲ, ಕಾದು ಕಾದು ಮೇಲೆ ಚಕ್ಕೆಗಟ್ಟಿತು. ಮುಂದಿನದಕ್ಕೆ ಬರೀ ಮೊಟ್ಟೆಯ ವಾಸನೆ. ಆಮೇಲೆ ಸ್ವಲ್ಪ ಸ್ವಲ್ಪವೇ ದಾರಿ ತೋರಿತು. ಅಗಸೆ ಬೀಜವನ್ನು ಹುರಿದು ಪುಡಿ ಮಾಡಿದರೆ ಹಸಿ ವಾಸನೆ ಹೋಗುತ್ತದೆ. ಇಸಬ್‌ಗೋಲನ್ನು ನೀರಲ್ಲಿ ನೆನೆಸಿಟ್ಟರೆ ಅದೇ ಹಿಡಿದು ನಿಲ್ಲಿಸುತ್ತದೆ. ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಡೆದು ಮೆಲ್ಲಗೆ ಸೇರಿಸಿ, ಕೊನೆಗೆ ಒಂದಿಷ್ಟು ವಿನೆಗರ್, ಸೋಡಾ. ನಾದುವ ಹಾಗಿಲ್ಲ, ಮುಟ್ಟಿದ್ದೂ ಗೊತ್ತಾಗಬಾರದು. ಅದೇ ಮುದ್ದೆಯನ್ನು ಎಣ್ಣೆ ಸವರಿದ ಎರಡು ಕಾಗದದ ನಡುವೆ ಒತ್ತಿ ಕಾವಲಿಗೆ ಹಾಕಿದರೆ ಸುತ್ತಿ ತಿನ್ನುವ ತೆಳು ರೊಟ್ಟಿಯೂ ಆಯಿತು. ಮಡಚಿದರೆ ಮುರಿಯಲಿಲ್ಲ. ಪ್ರತಿ ಸಲವೂ ಟವೆಲು ಕೆಳಗಿಳಿಸಿ, ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚುವಾಗ ಅವನು ಮತ್ತೆ ಮೊದಲಿನ ಉಬ್ಬಣ್ಣನಾಗುತ್ತಿದ್ದ.

ಅತ್ತ ಸಕ್ಕರೆ ಇಳಿಯಿತು. ಡಾಕ್ಟರಮ್ಮ ಮತ್ತೆ ಬೆಳಕು ಬಿಟ್ಟು ನೋಡಿ, "ಸೋರೋದು ನಿಂತಿದೆ. ಹೀಗೇ ಇದ್ರೆ ಒಲೆ ಬಿಡಬೇಕಾಗಿಲ್ಲ" ಎಂದರು. ಉಬ್ಬಣ್ಣ ಬೀದಿಯಲ್ಲಿ ಎದುರಾದವರಿಗೆಲ್ಲ ಕೈ ಎತ್ತಿ ಎತ್ತಿ ನಮಸ್ಕಾರ ಮಾಡುತ್ತ ಬಂದ. ಬಂದವನೇ ಆ ದಿನದ ಬಾದಾಮಿ ಬ್ರೆಡ್ಡನ್ನು ಕತ್ತರಿಸಿದ. ಒಳಗೆ ಗಾಳಿ ಬಿಟ್ಟ ಸಣ್ಣ ಸಣ್ಣ ಕಣ್ಣು, ಹೊರಗೆ ಹದವಾದ ಕಂದು. ತಾನು ಒಂದು ಚೂರು ತಿಂದು ತಲೆದೂಗಿ, ದಪ್ಪ ಹೋಳೊಂದನ್ನು ಹೆಂಡತಿಗೆ ಕೊಟ್ಟ. "ನಾಳೆಯಿಂದ ಇದು ಕಪಾಟಿಗೆ" ಎಂದ.

ಅವಳು ಅಗಿದಳು. "ಚೆನ್ನಾಗಿದೆ" ಎಂದಳು. ಆಮೇಲೆ ನೀರಿನ ಚೊಂಬು ಎತ್ತಿಕೊಂಡಳು.

ಉಬ್ಬಣ್ಣ ಅದನ್ನು ನೋಡಿದ. ಹಿಂದೆಯೂ ಅವಳು ಹೀಗೆ ಚೊಂಬು ಎತ್ತಿದ್ದುಂಟೇನೋ, ಅವನು ನೋಡಿರಲಿಲ್ಲ ಅಷ್ಟೆ.

"ನಿಜ ಹೇಳು. ಏನಾಗಿದೆ?"

"ಏನಿಲ್ಲ ರೀ."

"ಹೇಳೇ ಮಾರಾಯ್ತಿ. ಸತ್ತುಹೋಗಲ್ಲ ನಾನು."

ಅವಳು ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು. "ಉಪ್ಪು. ಬಾಯಿಗಿಡೋಕಾಗಲ್ಲ."

ಅವನು ಇನ್ನೊಂದು ಚೂರು ಹಾಕಿಕೊಂಡ. ಹುರಿದ ಅಗಸೆ ಸಿಕ್ಕಿತು, ಬಾದಾಮಿಯ ಜಿಡ್ಡು ಸಿಕ್ಕಿತು. ಉಪ್ಪು ಹದವಾಗಿಯೇ ಇತ್ತು. ಅಥವಾ ಇತ್ತೆಂದು ಅವನು ಅಂದುಕೊಂಡಿದ್ದ.

"ಇದೊಂದೇನಾ?" ಎಂದ.

ಅವಳು ಪರದೆಯಾಚೆಯ ಕಪಾಟಿನ ಕಡೆ ನೋಡಿದಳು.

"ಮೈದಾ ಬ್ರೆಡ್ಡೂ? ಎಷ್ಟು ದಿನದಿಂದ?"

"ದಿನದಿಂದ ಅಲ್ಲ ಕಣ್ರೀ. ವರ್ಷದಿಂದ. ಮೊದಲು ಸ್ವಲ್ಪ, ಆಮೇಲೆ ಜಾಸ್ತಿ ಆಗ್ತಾ ಹೋಯ್ತು. ದರ್ಜಿ ಮನೇಲಿ ಉಪ್ಪಿಲ್ಲದ ಬೆಣ್ಣೆ ತರಿಸ್ತಾರೆ, ನಮ್ಮ ಬ್ರೆಡ್ಡಿಗೆ ಅಂತಾನೇ. ಈ ಬೀದೀಲಿ ಎಲ್ಲರ ಮನೇಲೂ ಈಗ ಅದೇ ಬೆಣ್ಣೆ."

"ಯಾರೂ ಒಂದು ಮಾತು ಹೇಳ್ಲಿಲ್ವಲ್ಲೇ."

"ಯಾರಿಗೆ ಬಾಯಿ ಬರತ್ತೆ? ಕಷ್ಟಪಟ್ಟು ಬೇಯಿಸ್ತೀರಿ, ಹೆಮ್ಮೆಯಿಂದ ಕಪಾಟಿಗೆ ಕಳಿಸ್ತೀರಿ. ನಾನಂತೂ..." ಎಂದು ಅವಳು ನಿಲ್ಲಿಸಿದಳು. "ಒಂದೇ ನಾಲಿಗೆ ಅಂತಿದ್ರಲ್ಲ."

ಉಬ್ಬಣ್ಣ ಮೂಟೆಯ ಮೇಲೆ ಕೂತ. ಕಣ್ಣು ಹೋಗುತ್ತದೆಂದು ಹಗಲಿರುಳು ಹೆದರಿದ್ದ, ಹೋಗಿದ್ದದ್ದು ನಾಲಿಗೆ. ಯಾವಾಗ ಹೋಯಿತೆಂದು ಅವನಿಗೆ ಗೊತ್ತೇ ಆಗಿರಲಿಲ್ಲ. ಅಷ್ಟು ಚೂರು, ಅಷ್ಟು ತುದಿ, ಕಣ್ಣನ್ನೇ ಪಣಕ್ಕಿಟ್ಟು ನೋಡಿದ ಅಷ್ಟೂ ರುಚಿ ಬರೀ ಹೊಟ್ಟೆಗೆ ಬಿದ್ದಿತ್ತು. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಪರದೆಯ ಆಚೆ ನಿಂತು ಇಷ್ಟು ವರ್ಷ ಉಪ್ಪು ನುಂಗಿಕೊಂಡು ನಗುತ್ತ ಬ್ರೆಡ್ಡು ಮಾರಿದವಳನ್ನು ನೆನೆದು ದುಃಖ ಬಂತು.

ಮೇಜಿನ ಮೇಲೆ ಸಂಜೆಯ ಬ್ರೆಡ್ಡಿಗೆ ಹಿಟ್ಟು ಕಲಸಿಟ್ಟಿತ್ತು. ಉಪ್ಪು ಇನ್ನೂ ಹಾಕಿರಲಿಲ್ಲ. ಅವನು ಎದ್ದು ಉಪ್ಪಿನ ಡಬ್ಬಿಯನ್ನು ಅವಳ ಮುಂದೆ ಸರಿಸಿದ.

"ನೀನೇ ಹಾಕು."

"ನಾನಾ? ನನ್ನ ಕೈ ಅಳತೆ ಬೇರೆ ರೀ."

"ಬೇರೆ ಇರ್ಲಿ ಅಂತಾನೇ."

ಅವಳು ಹಾಕಿದಳು, ಅವನು ನಾದಿದ. ಒಂದು ಚೂರು ಕಿತ್ತು ಅವಳ ಕೈಗೆ ಕೊಟ್ಟ. ಅವಳು ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಹುಬ್ಬು ಸ್ವಲ್ಪ ಮೇಲೇರಿತು, ಬಾಯಂಚು ಸಡಿಲವಾಯಿತು. ಉಬ್ಬಣ್ಣ ಹಿಟ್ಟಿನ ಕೈಯಲ್ಲಿ ಹಾಗೇ ನಿಂತು ಅವಳ ಮುಖವನ್ನೇ ನೋಡುತ್ತಿದ್ದ. ಅದನ್ನು ಓದುವಷ್ಟು ಕಣ್ಣು ಅವನಿಗೆ ಇನ್ನೂ ಉಳಿದಿತ್ತು.